ನಲವತ್ತೊಂದನೇ ನಮೂನೆ

ಬೆಳಗಿನ ಏಳಕ್ಕೆ, ಮಷೀನಿಗೆ ನಳಿಗೆ ಜೋಡಿಸುವ ಮುನ್ನ,
ಡಯಾಲಿಸಿಸ್ ಕೋಣೆಯ ಮೂರನೇ ಹಾಸಿಗೆಯಿಂದ
ಐದು ಎಮ್ಮೆಲ್ ರಕ್ತ ನನ್ನ ಪಾಲಿಗೆ.
ಸೀಸೆಯ ಮೇಲೆ ಹೆಸರು ಬರೆಯುವಂತಿಲ್ಲ.
ನಲವತ್ತೊಂದು, ಅಷ್ಟೆ.

ಹೆಸರು ನನಗೆ ಗೊತ್ತು. ಮುಜೀಬೋದ್ದಿನ್ ಉಸ್ತಾದ,
ಚೌಬಾರಾದ ಹಿಂದಿನ ಗಲ್ಲಿಯಲ್ಲಿ ಬಿದರಿ ಕೆಲಸ.
ಬಿಳಿ ಗಡ್ಡದೊಳಗೆ ಅರದ ಪುಡಿ ಇನ್ನೂ ಮಿಣಕುತ್ತದೆ.

ಗರಗರ ತಿರುಗಿ ಯಂತ್ರ ನಿಂತಾಗ
ಕೆಂಪು ತಳಕ್ಕೆ, ಮೇಲೆ ಒಣಗಿದ ಜೋಳದ ದಂಟಿನ ಬಣ್ಣದ ತಿಳಿ.
ಆಮ್ಲ ಬೆರೆಸಿ ಕುದಿನೀರಲ್ಲಿ ಒಂದು ತಾಸು ಇಟ್ಟರೆ
ಮೆಲ್ಲಗೆ ಗುಲಾಬಿ ಏರುತ್ತದೆ.
ಎಷ್ಟು ಗುಲಾಬಿಯೋ ಒಳಗೆ ಅಷ್ಟು ಸುಟ್ಟಿದೆ.
ಹಳೆ ಡಬ್ಬಿಯ ಕುಸುಬಿ ಎಣ್ಣೆ ಕಮಟಾಗುವ ಹಾಗೆ
ಜೀವಕೋಶದ ಗೋಡೆಯ ಜಿಡ್ಡು ಕಮಟಾಗಿ
ಒಡೆದು ಬಿದ್ದ ಚೂರು ಅದು.
ನಾನು ಅಳೆಯುವುದು ಬೆಂಕಿಯನ್ನಲ್ಲ,
ಒಲೆ ಇದ್ದ ಗೋಡೆಯ ಮಸಿಯನ್ನು.

"ಏನ್ ಬಂತು ಬೇಟಾ?"
ಹೇಳುವ ನಿಯಮವಿಲ್ಲ. ಆದರೂ ಅಂದೆ:
ಉಸಿರಾಡೋ ಗಾಳಿನೇ ಒಳಗ ಸುಡ್ಲತ್ತದ, ಉಸ್ತಾದ.
ನಕ್ಕರು.
"ಇಷ್ಟಕ್ಕ ಮಷೀನ್ ಯಾಕ? ನಮ್ದು ದಂಧಾನೇ ಅದು.
ಕ್ವಾಟ್ಯಾಗ ಬಿಸಿಲು ಕಾಣದ ಮೂಲಿ ಇರ್ತಾವ,
ನೂರಾರ್ ವರ್ಷ ಮಳಿ ತಾಕದ ಮಣ್ಣು.
ನಾಲಿಗಿ ಮ್ಯಾಲ ಇಟ್ಟೇ ತರಬೇಕು.
ನವಸಾಗರ ಹಾಕಿ ಕಲಿಸಿ ಬಿಸಿ ಸಾಮಾನಿಗಿ ತಿಕ್ಕಿದ್ರ
ಜಸ್ತ ಕರ್ರಗಾಗ್ತದ, ಬೆಳ್ಳಿಗಿ ಏನೂ ಆಗಲ್ಲ.
ಎಲ್ಲಾ ಕರ್ರಗಾದ್ರ ಅದು ಬರೀ ಮಸಿ.
ಒಂದೀಟು ಆಗದೇ ಉಳೀತಂದ್ರ, ಅದು ಬಿದರಿ."

ನನ್ನ ಹಾಳೆಯಲ್ಲಿ ಅದಕ್ಕೂ ಒಂದು ಸಾಲಿದೆ,
ಸುಡದೆ ಉಳಿದದ್ದು ಎಷ್ಟು ಎಂದು.
ಸಣ್ಣ ಅಂಕಿ.
ಅದನ್ನು ಮಾತ್ರ ಹೇಳಲಿಲ್ಲ.

ಉಪ್ಪಿಗೆ ಅಳತೆ, ನೀರಿಗೆ ಅಳತೆ,
ಬಾಳೆಹಣ್ಣು ಬೇಡ, ಟೊಮೆಟೊ ಬೇಡ,
ಮಣ್ಣಂತೂ ಬೇಡವೇ ಬೇಡ.
ನಲವತ್ತು ವರ್ಷ ನೆಕ್ಕಿದ್ದಕ್ಕೇ ಹಿಂಗಾಯ್ತೇನ್ರಿ,
ಅವರ ಬೇಗಂ ಬಾಗಿಲಲ್ಲಿ ಡಾಕ್ಟರನ್ನು ತಡೆದು ಕೇಳಿದ್ದಳು.
ಸಕ್ಕರಿ ಕಾಯಿಲೆ ಅಮ್ಮಾ, ಬಿ.ಪಿ. ಅಮ್ಮಾ.
ಅವಳು ನಂಬಿದಂತೆ ಕಾಣಲಿಲ್ಲ.

ಹೋದ ಗುರುವಾರ ಬಲಗೈಯ ಎಕ್ಸ್‌ರೇ ಬಂತು.
ಕಿಟಕಿಯ ಬೆಳಕಿಗೆ ತಾವೇ ಹಿಡಿದರು.
ಕರಿ ಹಾಳೆ, ಬಿಳಿ ಎಲುಬು, ಅದು ಸರಿ.
ಎಲುಬಿಲ್ಲದ ಕಡೆಯಲ್ಲೂ
ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡದ ತನಕ
ಎರಡು ಬೆಳ್ಳನೆ ಗೆರೆ, ಜೊತೆಜೊತೆಗೆ, ಬಳ್ಳಿ ಹರಿದಂತೆ.
ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿದೆ, ಎಂದರು ಡಾಕ್ಟರ್,
ನಾಳ ಗಟ್ಟಿಯಾಗಿದೆ, ಬಾಗುವುದಿಲ್ಲ.
ಉಸ್ತಾದ ಕೇಳಿಸಿಕೊಂಡರೋ ಇಲ್ಲವೋ.
ಉಗುರಿನಿಂದ ಗೆರೆಯ ಬೆನ್ನು ಹತ್ತಿ ಹೋದರು,
ತಿರುವಿನಲ್ಲಿ ನಿಂತರು, ಮತ್ತೆ ಹೋದರು.
"ತಾರಕಶಿ ಛಲೋ ಬಿದ್ದದ.
ಎಲ್ಲೂ ತಾರ ಎದ್ದಿಲ್ಲ, ನೋಡ್ರಿ.
ಸುತ್ತಿಗಿ ಯಾರ್ದು ಇದು?"
ಡಾಕ್ಟರಿಗೆ ತಿಳಿಯಲಿಲ್ಲ.
ನಾನು ಗಡಿಯಾರ ನೋಡಿದೆ. ಅದು ನಿಂತು ವಾರವಾಗಿತ್ತು.

ಅರವತ್ತು ರೋಗಿಗಳು, ಅರವತ್ತು ನೆಟ್ಟಗಿದ್ದವರು.
ಸರಾಸರಿ ತೆಗೆಯುವಾಗ ನಲವತ್ತೊಂದರ ಗುಲಾಬಿ
ಉಳಿದವರ ಗುಲಾಬಿಯಲ್ಲಿ ಕರಗಿತು.
ಪ್ರಬಂಧ ಕಲಬುರಗಿಗೆ ಹೋಯಿತು, ಸಹಿಗೆ.
ಸೀಸೆಗಳನ್ನು ತೊಳೆದು ಬೋರಲು ಹಾಕಿದೆ.

ಮಣ್ಣು ಈಗ ರುಖಿಯಾ ನೋಡುತ್ತಾಳಂತೆ,
ತಮ್ಮನ ಮಗಳು, ಹದಿನೇಳು ವರ್ಷ.
ಕೋಟೆಯ ಕತ್ತಲ ಮೂಲೆಯಲ್ಲಿ ಮೊಣಕಾಲೂರಿ
ನಾಲಿಗೆಯ ತುದಿಗೆ ಚಿಟಿಕೆ ಇಟ್ಟು ಉಗುಳುತ್ತಾಳೆ.
ಏನಂತ ಹೇಳಲು ಅವಳಿಗಿನ್ನೂ ಬರುವುದಿಲ್ಲ.
"ಬ್ಯಾಡ, ಹೇಳೋದು ಬ್ಯಾಡ," ಅಂದರು ಉಸ್ತಾದ,
ಎಡಗೈಯನ್ನು ಸೂಜಿಗೆ ಚಾಚುತ್ತ.
"ನಾ ಬ್ಯಾಟರಿ ಹಿಡದು ನಿಂತಿರ್ತೀನಿ.
ಅಕಿ ಮಾರಿ ಕಿವುಚ್ತದಲ್ಲ,
ಅದ್ರಾಗ ತಿಳೀತದ."